ನೆಲೆಸುವ ಸಂಕಲ್ಪ: ವಿದೇಶಿ ಮಿಷನರಿಗಳು ಮತ್ತು ಭಾರತದ ಪೌರತ್ವ

1955ನೆಯ ಇಸವಿಯಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೀನ್ ಸನ್ಯಾಸಿ ಬೀಡ್ ಗ್ರಿಫಿತ್ಸರು, ಭಾರತ ಮೂಲದ ಸನ್ಯಾಸಿ ಬೆನೆಡಿಕ್ಟ್ ಆಲಪಾಟ್ ಅವರೊಡನೆ ಹಡಗಿನಲ್ಲಿ ಮುಂಬಯಿಗೆ ಬಂದಿಳಿದರು. ಅನಂತರ ಅವರಿಬ್ಬರೂ ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರಿಗೆ ಹೋಗುವ ದಾರಿಯಲ್ಲಿರುವ ಕೆಂಗೇರಿಯಲ್ಲಿ ನೆಲೆಸಿ, ಅಲ್ಲೊಂದು ಮಠವನ್ನು ಕಟ್ಟಲು ತೊಡಗಿದರು. ಆ ಪ್ರಯತ್ನ ಫಲಿಸಲಿಲ್ಲ. 1958ರಲ್ಲಿ ಗ್ರಿಫಿತ್ಸರು ಬೆಲ್ಜಿಯಂ ದೇಶದ ಸಿಸ್ಟರ್ಸಿಯನ್ ಸನ್ಯಾಸಿ ಫ್ರಾನ್ಸಿಸ್ ಮಾಹ್ಯೂ ಅವರೊಡಗೂಡಿ ಕೇರಳದ ಬೆಟ್ಟಗಳಲ್ಲಿ ಕುರಿಶುಮಲ ಆಶ್ರಮವನ್ನು ಸ್ಥಾಪಿಸಿದರು. ಹತ್ತು ವರ್ಷಗಳ ಬಳಿಕ ತಮಿಳುನಾಡಿನ ಶಾಂತಿವನಕ್ಕೆ ತೆರಳಿದರು. ಕೆಂಗೇರಿಯ ಆ ಮೂರು ವರ್ಷಗಳು ಮುಂದಿನ ದೊಡ್ಡ ಕಥೆಗೆ ಬರೆದ ಪೀಠಿಕೆಯೆಂಬಂತೆ ಮಾತ್ರ ನೆನಪಿನಲ್ಲಿ ಉಳಿದಿವೆ.

ಇಂಥ ಬದುಕುಗಳನ್ನು ಕುರಿತು ಬರೆಯುವಾಗ ಧರ್ಮಸಭೆಯ ಚರಿತ್ರಕಾರರು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಾರೆ. ಅವರು ಏಕೆ ಬಂದರು, ಯಾವ ಉಡುಪು ತೊಟ್ಟರು, ಯಾವ ಪೂಜಾವಿಧಿಯನ್ನು ಅನುಸರಿಸಿದರು, ಏನನ್ನು ಬರೆದರು? ಅವರು ಯಾವ ಹಕ್ಕಿನಿಂದ ಇಲ್ಲಿ ಉಳಿದರು ಎಂಬ ಪ್ರಶ್ನೆ ಮಾತ್ರ ಅಪರೂಪ. ಅದು ಪೊಲೀಸ್ ಠಾಣೆಗೂ ಸಚಿವಾಲಯಕ್ಕೂ ಸೇರಿದ ಸಂಗತಿ, ದೈವಶಾಸ್ತ್ರಕ್ಕೆ ಸೇರಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಪ್ರಬಂಧದಲ್ಲಿ ನಾವು ಆ ಭಾವನೆಯನ್ನು ಪರಿಶೀಲಿಸಲು ಬಯಸುತ್ತೇವೆ.

ಗ್ರಿಫಿತ್ಸರು ಬಂದಿಳಿದ ವರ್ಷವೇ ಈ ಪರಿಶೀಲನೆಗೆ ತಕ್ಕ ಆರಂಭಬಿಂದು. 1955ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ, ವಿದೇಶೀಯರನ್ನು ಹೊರಗೆ ಕಳುಹಿಸುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರವು ಹೊಸದಾಗಿ ಬರುವ ಮಿಷನರಿಗಳ ವಿಷಯದಲ್ಲಿ ತನ್ನ ನೀತಿಯನ್ನು ಸ್ಪಷ್ಟಪಡಿಸಿತು: ವಿಶೇಷ ಅರ್ಹತೆ ಅಥವಾ ಅನುಭವ ಉಳ್ಳವರಿಗೆ, ಅದೂ ಆ ಕೆಲಸಕ್ಕೆ ಭಾರತೀಯರು ದೊರೆಯದಿದ್ದಲ್ಲಿ ಮಾತ್ರ, ಪ್ರವೇಶ. ಡಿಸೆಂಬರ್ 30ರಂದು ಪೌರತ್ವ ಅಧಿನಿಯಮ ಜಾರಿಗೆ ಬಂದಿತು. ಹೀಗೆ ಒಂದೇ ವರ್ಷದಲ್ಲಿ ಹೊಸ ಗಣರಾಜ್ಯವು ವಿದೇಶೀಯನಿಗೆ ಮೂರು ಮಾತುಗಳನ್ನು ಹೇಳಿತು. ನೀನು ಇಲ್ಲಿರುವುದು ನಮ್ಮ ಅನುಮತಿಯಿಂದ. ಆ ಅನುಮತಿ ಇನ್ನು ಸುಲಭವಲ್ಲ. ಆದರೆ ನಮ್ಮಲ್ಲಿ ಒಬ್ಬನಾಗಲು ಒಂದು ದಾರಿ ಇದೆ. ಈ ಮೂರನೆಯ ಮಾತಿಗೆ ಧರ್ಮಸಭೆ ಹೇಗೆ ಉತ್ತರಿಸಿತು ಎಂಬುದೇ ನಮ್ಮ ವಿಷಯ.

ಕೃಪೆಯ ಕಾಲ

ಮಿಷನರಿಗಳಿಗೆ ನೆಲೆಸುವ ಹಕ್ಕು ಎಂಬುದು ಹಳೆಯ ಕಾಲದಲ್ಲಿಯೂ ಇರಲಿಲ್ಲ. ಇದ್ದದ್ದು ಆಳುವವರ ಕೃಪೆ. ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಅಬ್ಬೆ ದುಬುವಾ ಅವರು 1792ರಲ್ಲಿ ಫ್ರಾನ್ಸಿನ ಕ್ರಾಂತಿಯ ಬಿರುಗಾಳಿಯ ನಡುವೆ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅವರು ಮೈಸೂರು ಸೀಮೆಯ ಚದುರಿಹೋದ ಕ್ರೈಸ್ತರ ನಡುವೆ ಕೆಲಸ ಮಾಡಿದರು. ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧದಲ್ಲಿ ತೊಡಗಿದ್ದ ವರ್ಷಗಳಲ್ಲಿ ಒಬ್ಬ ಫ್ರೆಂಚ್ ಯಾಜಕ ಬ್ರಿಟಿಷರ ಪ್ರಭಾವವಲಯದಲ್ಲಿ ನಿರಾತಂಕವಾಗಿ ಓಡಾಡುತ್ತಿದ್ದರೆ ಅದಕ್ಕೆ ಕಾರಣ ಯಾವ ಕಾನೂನೂ ಅಲ್ಲ, ಕಂಪನಿಯ ಅಧಿಕಾರಿಗಳ ವಿಶ್ವಾಸ. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ ಕಂಪನಿಯಿಂದ ವಿಶ್ರಾಂತಿ ವೇತನವೂ ದೊರೆಯಿತು.

ಬ್ರಿಟಿಷ್ ಪ್ರಜೆಗಳ ಸ್ಥಿತಿಯೂ ಬಹಳ ಭಿನ್ನವಾಗಿರಲಿಲ್ಲ. 1813ರ ಚಾರ್ಟರ್ ಅಧಿನಿಯಮವು ಮಿಷನರಿಗಳಿಗೆ ಬಾಗಿಲು ತೆರೆಯಿತಾದರೂ ಪರವಾನಗಿಯನ್ನು ಕಡ್ಡಾಯವಾಗಿ ಉಳಿಸಿಕೊಂಡಿತು. ಆ ನಿರ್ಬಂಧ ಸಡಿಲವಾದದ್ದು 1833ರ ಅಧಿನಿಯಮದಿಂದ. ಮರುವರ್ಷ, 1834ರ ಅಕ್ಟೋಬರ್ 30ರಂದು, ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿನಲ್ಲಿ ಇಳಿದರು. ಬ್ರಿಟಿಷರಲ್ಲದ ಒಂದು ಮಿಷನ್ ಕನ್ನಡ ನಾಡಿನಲ್ಲಿ ಕೇಂದ್ರವನ್ನು ಸ್ಥಾಪಿಸಲು ಸಾಧ್ಯವಾದದ್ದು ಲಂಡನ್ನಿನ ಸಂಸತ್ತು ಅಂಗೀಕರಿಸಿದ ಒಂದು ಕಾಯಿದೆಯಿಂದ. 1843ರ ‘ಮಂಗಳೂರ ಸಮಾಚಾರ’ವನ್ನೂ 1894ರ ಕಿಟ್ಟೆಲ್ ನಿಘಂಟನ್ನೂ ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಅವುಗಳ ಹಿಂದೆ ಈ ಕಾಯಿದೆಯೂ ಇತ್ತೆಂಬುದನ್ನು ಮರೆಯುತ್ತೇವೆ.

ಸಾಮ್ರಾಜ್ಯದ ನೆರಳಿನಲ್ಲಿ ಎಂಬತ್ತು ವರ್ಷ ಕಳೆದ ಬಳಿಕ ಆ ನೆಲೆ ಎಷ್ಟು ಅಭದ್ರವೆಂಬುದು ಬಯಲಾಯಿತು. 1914ರ ಆಗಸ್ಟಿನಲ್ಲಿ ಯುದ್ಧ ಘೋಷಣೆಯಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ‘ಶತ್ರು ದೇಶದ ಪ್ರಜೆ’ಗಳಾದರು. ಮಿಷನ್ನಿನ ಕೇಂದ್ರ ಇದ್ದದ್ದು ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಕೆಲಸಗಾರರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನವರು. ಮಂಗಳೂರು, ಧಾರವಾಡ ಮೊದಲಾದೆಡೆ ದಶಕಗಳ ಕಾಲ ದುಡಿದಿದ್ದವರನ್ನು ಅಹಮದ್‌ನಗರ ಮುಂತಾದ ಶಿಬಿರಗಳಲ್ಲಿ ಇರಿಸಲಾಯಿತು. 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಅವರಲ್ಲಿ ಅನೇಕರನ್ನು ಕುಟುಂಬಸಮೇತ ಯೂರೋಪಿಗೆ ಒಯ್ದಿತು. ಅವರ ಹಂಚಿನ ಕಾರ್ಖಾನೆಗಳು ಮತ್ತು ವ್ಯಾಪಾರ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಯಾವ ಜನರ ಭಾಷೆಗೆ ಅವರು ವ್ಯಾಕರಣ ಬರೆದಿದ್ದರೋ ಆ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಅವಕಾಶವೂ ಇರಲಿಲ್ಲ. ಏಕೆಂದರೆ ಮಿಷನರಿಯೂ ಸಭೆಯ ವಿಶ್ವಾಸಿಯೂ ಇಬ್ಬರೂ ಒಂದು ಸಾಮ್ರಾಜ್ಯದ ಅಧೀನದಲ್ಲಿದ್ದರು, ಯಾರೂ ಪೌರರಾಗಿರಲಿಲ್ಲ.

ಪ್ರತಿಜ್ಞೆಯೂ ವಿಶ್ವಪತ್ರವೂ

ಯುದ್ಧ ಮುಗಿದ ಬಳಿಕ ಬ್ರಿಟಿಷ್ ಸರ್ಕಾರವು ಮಿಷನರಿಗಳ ಪ್ರವೇಶವನ್ನು ಕೆಲವು ಮೆಮೊರಾಂಡಮ್‌ಗಳ ಮೂಲಕ ನಿಯಂತ್ರಿಸಿತು. ರಾಜಕೀಯದಿಂದ ದೂರವಿರುವುದಾಗಿಯೂ ಸ್ಥಾಪಿತ ಸರ್ಕಾರಕ್ಕೆ ನಿಷ್ಠರಾಗಿರುವುದಾಗಿಯೂ ವಾಗ್ದಾನ ನೀಡುವುದು ಉಳಿಯುವುದಕ್ಕೆ ಷರತ್ತಾಯಿತು. ಈ ನಿಷ್ಠೆಯ ಬೆಲೆ ಎಷ್ಟೆಂಬುದು ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ತಿಳಿಯಿತು. ಗಾಂಧೀಜಿಯ ಹಾದಿಗೆ ಒಲಿದ ಅಮೆರಿಕದ ಮಿಷನರಿ ರಾಲ್ಫ್ ರಿಚರ್ಡ್ ಕೈಥಾನ್ ಅವರು 1930ರಲ್ಲಿ ಒಮ್ಮೆ, 1944ರಲ್ಲಿ ಮತ್ತೊಮ್ಮೆ ದೇಶ ಬಿಡಬೇಕಾಯಿತು. ಅವರು ಮರಳಿ ಬಂದು ನೆಲೆಸಿದ್ದು ಸ್ವಾತಂತ್ರ್ಯ ಬಂದ ಮೇಲೆ. ಜನರ ಪಕ್ಷ ವಹಿಸಿದವನು ಪರಕೀಯನಾಗಿಯೂ ಆಳುವವರ ಪಕ್ಷದಲ್ಲಿದ್ದವನು ನಿವಾಸಿಯಾಗಿಯೂ ಪರಿಗಣಿತನಾದ ಕಾಲ ಅದು.

ಇದೇ ಸಂದರ್ಭದಲ್ಲಿ, 1919ರ ನವೆಂಬರ್ 30ರಂದು, ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ‘ಮಾಕ್ಸಿಮುಮ್ ಇಲ್ಲುದ್’ ಎಂಬ ಪ್ರೇಷಿತ ಪತ್ರವನ್ನು ಪ್ರಕಟಿಸಿದರು. ಮಿಷನರಿಯು ತನ್ನ ತಾಯ್ನಾಡಿನ ಹಿತಾಸಕ್ತಿಯ ವಕ್ತಾರನಾಗಬಾರದು, ಸ್ಥಳೀಯ ಯಾಜಕರನ್ನು ಸಹಾಯಕರೆಂದಲ್ಲದೆ ನಾಯಕತ್ವಕ್ಕೆಂದೇ ಸಿದ್ಧಪಡಿಸಬೇಕು ಎಂಬುದು ಅದರ ತಿರುಳು. ಬೆಂಗಳೂರಿನಲ್ಲಿ ಅದರ ಫಲ ಕಾಣಲು ಎರಡು ದಶಕ ಬೇಕಾಯಿತು. 1940ರ ಫೆಬ್ರುವರಿಯಲ್ಲಿ ಮೈಸೂರಿನಿಂದ ಬೇರ್ಪಟ್ಟು ಬೆಂಗಳೂರು ಧರ್ಮಪ್ರಾಂತ ಉದಯಿಸಿತು. ಫ್ರೆಂಚ್ ಧರ್ಮಾಧ್ಯಕ್ಷ ದೆಸ್ಪತ್ಯೂರ್ ಅವರ ನಂತರ 1942ರಲ್ಲಿ ಆ ಪೀಠಕ್ಕೆ ಬಂದವರು ಭಾರತೀಯರಾದ ಥಾಮಸ್ ಪೋತಕಮೂರಿ. ಮೈಸೂರಿನಲ್ಲಿ ಫ್ರೆಂಚ್ ಧರ್ಮಾಧ್ಯಕ್ಷ ರೆನೆ ಫ್ಯೂಗಾ ಅವರು 1962ರ ತನಕ ಮುಂದುವರಿದರು. ಅನಂತರ ಮಥಾಯಸ್ ಫೆರ್ನಾಂಡಿಸರು ಬಂದರು.

ಈ ಬದಲಾವಣೆಯನ್ನು ನಾವು ‘ಸ್ಥಳೀಕರಣ’ ಎನ್ನುತ್ತೇವೆ. ಅದು ಪೀಠಗಳ ಸ್ಥಳೀಕರಣ. ಪೀಠವನ್ನು ಬಿಟ್ಟುಕೊಟ್ಟ ಮೇಲೆ ಮಿಷನರಿಯ ಸ್ಥಾನವೇನು? ಕೆಲಸ ಮುಗಿಸಿದ ಅತಿಥಿಯೋ, ಅದೇ ಮನೆಯ ಸಾಮಾನ್ಯ ಸದಸ್ಯನೋ? ಈ ಎರಡನೆಯ ಪ್ರಶ್ನೆಯನ್ನು ಜಗದ್ಗುರುಗಳ ಪತ್ರ ಎತ್ತಲಿಲ್ಲ. ಅದನ್ನು ಎತ್ತಿದ್ದು ಭಾರತದ ಸಂವಿಧಾನ.

ಸಂವಿಧಾನ ತೆರೆದ ಬಾಗಿಲು

ಸಂವಿಧಾನದ 5ನೆಯ ವಿಧಿಯನ್ನು ಧರ್ಮಸಭೆಯ ಚರಿತ್ರೆಯ ದಾಖಲೆಯಾಗಿ ಓದುವ ರೂಢಿ ನಮ್ಮಲ್ಲಿಲ್ಲ. ಆದರೆ ಅದು ಹಾಗೆ ಓದಬೇಕಾದ ಪಠ್ಯ. ಸಂವಿಧಾನ ಆರಂಭವಾದಾಗ ಭಾರತದಲ್ಲಿ ಕಾಯಂ ನೆಲೆ ಹೊಂದಿದ್ದ ವ್ಯಕ್ತಿ ಇಲ್ಲಿ ಹುಟ್ಟಿದ್ದರೆ, ಅಥವಾ ಆತನ ತಂದೆತಾಯಿಯರಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೆ, ಅಥವಾ ಆತ ಅದಕ್ಕೆ ಹಿಂದಿನ ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ ಸಾಮಾನ್ಯವಾಗಿ ಇಲ್ಲಿ ವಾಸಿಸಿದ್ದರೆ ಆತ ಭಾರತದ ಪೌರ. ಜನಾಂಗ, ಧರ್ಮ, ವರ್ಣಗಳ ಮಾತು ಇಲ್ಲಿಲ್ಲ. 1937ರಲ್ಲೋ 1940ರಲ್ಲೋ ಬಂದಿದ್ದ ಫ್ರೆಂಚ್, ಇಟಾಲಿಯನ್, ಬೆಲ್ಜಿಯನ್ ಯಾಜಕರಿಗೂ ಈ ಬಾಗಿಲು ತೆರೆದಿತ್ತು. ಅದಕ್ಕಿದ್ದ ಬೀಗ ಒಂದೇ: ‘ಕಾಯಂ ನೆಲೆ’. ಕಾನೂನಿನ ಭಾಷೆಯಲ್ಲಿ ಕಾಯಂ ನೆಲೆಯೆಂದರೆ ವಾಸ ಮತ್ತು ಶಾಶ್ವತವಾಗಿ ಉಳಿಯುವ ಸಂಕಲ್ಪ, ಇವೆರಡರ ಕೂಡಿಕೆ.

1955ರ ಅಧಿನಿಯಮವು ಎರಡು ಬೇರೆ ದಾರಿಗಳನ್ನು ಹಾಕಿಕೊಟ್ಟಿತು. ಗ್ರಿಫಿತ್ಸರಂಥ ಬ್ರಿಟಿಷ್ ಪ್ರಜೆಗೆ, ಕಾಮನ್‌ವೆಲ್ತ್ ದೇಶದವನಾದ ಕಾರಣ, 5ನೆಯ ಪ್ರಕರಣದಡಿ ನೋಂದಣಿಯ ದಾರಿ; ಮಾಹ್ಯೂ ಅವರಂಥ ಬೆಲ್ಜಿಯನ್ನನಿಗೆ 6ನೆಯ ಪ್ರಕರಣದಡಿ ದೇಶೀಕರಣದ ದಾರಿ. ದೇಶೀಕರಣಕ್ಕೆ ಮೂರನೆಯ ಅನುಸೂಚಿ ಹೇಳಿದ ಅರ್ಹತೆಗಳು ಗಮನಾರ್ಹ. ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಇಲ್ಲಿರಬೇಕು, ಅದಕ್ಕೂ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು ನಾಲ್ಕು ವರ್ಷ ವಾಸಿಸಿರಬೇಕು, ಹಳೆಯ ಪೌರತ್ವವನ್ನು ತ್ಯಜಿಸಬೇಕು, ಸದಾಚಾರಿಯಾಗಿರಬೇಕು, ಮುಂದೆಯೂ ಭಾರತದಲ್ಲಿ ವಾಸಿಸುವ ಉದ್ದೇಶ ಇರಬೇಕು. ಇವುಗಳ ಜೊತೆಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆ ಸಾಕಷ್ಟು ಬರಬೇಕು. ಆ ಭಾಷೆ ಹಿಂದಿಯೇ ಆಗಬೇಕಿಲ್ಲ. ಕನ್ನಡ ಬಲ್ಲವನಿಗೆ ಕನ್ನಡವೇ ಸಾಕು. ಮಿಷನರಿಯು ಸುವಾರ್ತೆಗಾಗಿ ಕಲಿತ ಭಾಷೆ ಈಗ ಗಣರಾಜ್ಯದ ಹೊಸ್ತಿಲು ದಾಟುವ ಅರ್ಹತೆಯೂ ಆಯಿತು.

ಈ ದಾರಿಗಳಲ್ಲಿ ನಡೆದವರುಂಟು. ತುಳಸೀದಾಸರ ವಿದ್ವಾಂಸರೆಂದೂ ನಿಘಂಟುಕಾರರೆಂದೂ ಹೆಸರಾದ ಬೆಲ್ಜಿಯಂ ಮೂಲದ ಯೇಸುಸಭೆಯ ಕಾಮಿಲ್ ಬುಲ್ಕೆ ಅವರು 1951ರಲ್ಲಿ ಪೌರರಾದರು. 1974ರಲ್ಲಿ ಪದ್ಮಭೂಷಣ ಪಡೆದರು. ಶಾಂತಿವನದ ಸ್ಥಾಪಕರಲ್ಲಿ ಒಬ್ಬರಾದ ಫ್ರೆಂಚ್ ಬೆನೆಡಿಕ್ಟೀನ್ ಆಂರಿ ಲ ಸೋ, ಅಂದರೆ ಅಭಿಷಿಕ್ತಾನಂದರು, 1948ರಲ್ಲಿ ಬಂದು 1960ರಲ್ಲಿ ಪೌರತ್ವ ಪಡೆದರು. ಫ್ರಾನ್ಸಿಸ್ ಆಚಾರ್ಯರೆನಿಸಿದ ಮಾಹ್ಯೂ ಅವರು 1955ರಲ್ಲಿ ಬಂದು 1968ರಲ್ಲಿ ಪಡೆದರು. ಕಾವಿ ತೊಟ್ಟದ್ದನ್ನು ಎಲ್ಲರೂ ಕಂಡರು, ಎಲ್ಲರೂ ಬರೆದರು. ಪಾಸ್‌ಪೋರ್ಟನ್ನು ಮರಳಿಸಿದ್ದು ಒಂದು ಸಾಲಿನಲ್ಲಿ ಮುಗಿದುಹೋಯಿತು. ಕಾವಿಯನ್ನು ಕಳಚಿಟ್ಟು ಮರಳಿ ಹೋಗುವುದು ಸಾಧ್ಯ. ಪೌರತ್ವವನ್ನು ತ್ಯಜಿಸಿದವನಿಗೆ ಹಾಗೆ ಹಿಂದಿರುಗುವ ದಾರಿ ಇರುವುದಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಗಂಭೀರವಾದ ಸಂಸ್ಕೃತೀಕರಣವೆಂದು ನಮ್ಮ ದೈವಶಾಸ್ತ್ರವು ಇನ್ನೂ ಯೋಚಿಸಬೇಕಾಗಿದೆ.

ಹಾಗೆಂದು ಪೌರತ್ವ ಪಡೆಯದವರ ನಿಷ್ಠೆಯನ್ನು ಶಂಕಿಸುವುದು ನ್ಯಾಯವಲ್ಲ. ಸ್ವದೇಶದಲ್ಲಿ ವೃದ್ಧ ತಂದೆತಾಯಿಯರು, ಸಭೆಯ ಆಸ್ತಿ, ಚಿಕಿತ್ಸೆಯ ಅಗತ್ಯ, ಕಡತಗಳ ಮಂದಗತಿ ಹೀಗೆ ಕಾರಣಗಳು ಹಲವು. ವ್ರತಧಾರಿಗಳಿಗೆ ಇನ್ನೊಂದು ಸೂಕ್ಷ್ಮ ತೊಡಕೂ ಇತ್ತು. ವಿಧೇಯತೆಯ ವ್ರತ ತೊಟ್ಟವನು ‘ಇಲ್ಲಿಯೇ ಕೊನೆಯ ತನಕ ಇರುತ್ತೇನೆ’ ಎಂದು ತಾನಾಗಿ ಹೇಳಲು ಬರುತ್ತದೆಯೇ? ಮೇಲಧಿಕಾರಿ ಕರೆದರೆ ಹೊರಡಬೇಕಲ್ಲವೇ? ಈ ತೊಡಕು ಮುಂದೆ ನ್ಯಾಯಾಲಯದ ಕಟಕಟೆಯಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು.

ನ್ಯಾಯಾಲಯ ಕೇಳಿದ ಸಾಕ್ಷ್ಯ

ಐವತ್ತರ ದಶಕದಿಂದ ರಾಜಕೀಯದ ಗಾಳಿ ಬದಲಾಗುತ್ತಿತ್ತು. ಮಧ್ಯಪ್ರದೇಶ ಸರ್ಕಾರ 1954ರಲ್ಲಿ ನೇಮಿಸಿದ ನಿಯೋಗಿ ಸಮಿತಿ 1956ರಲ್ಲಿ ವರದಿ ನೀಡಿ, ಮತಾಂತರವೇ ಮುಖ್ಯ ಉದ್ದೇಶವಾಗಿರುವ ವಿದೇಶಿ ಮಿಷನರಿಗಳನ್ನು ಹಿಂದಕ್ಕೆ ಕಳುಹಿಸಬೇಕೆಂದಿತು. 1968ರಲ್ಲಿ ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರೊಡನೆ ದುಡಿಯುತ್ತಿದ್ದ ಸ್ಪೇನಿನ ಯೇಸುಸಭೆಯ ಯಾಜಕ ವಿಸೆಂಟೆ ಫೆರರ್ ಅವರಿಗೆ ದೇಶ ಬಿಡುವಂತೆ ಆದೇಶವಾಯಿತು. ಸಾವಿರಾರು ರೈತರು ಅವರ ಪರವಾಗಿ ಬೀದಿಗಿಳಿದರು. ಅವರು ಹೋದರು, ಆದರೆ ಮರಳಿ ಬರುವ ಅನುಮತಿ ದೊರೆತು, 1969ರಲ್ಲಿ ನಮ್ಮ ಗಡಿಗೆ ಹೊಂದಿಕೊಂಡಿರುವ ಅನಂತಪುರ ಜಿಲ್ಲೆಯಲ್ಲಿ ನೆಲೆಸಿದರು. ಜನರು ತಮ್ಮವನೆಂದು ಸಾಕ್ಷ್ಯ ನುಡಿದಾಗ ಸರ್ಕಾರವೂ ಕೇಳಿಸಿಕೊಂಡ ಒಂದು ಪ್ರಸಂಗವಿದು.

ಆದರೆ ಕಾನೂನಿನ ಮುಂದೆ ಪ್ರೀತಿಯೊಂದೇ ಸಾಲದು. ಇದನ್ನು ತೀರ್ಮಾನಿಸಿದ್ದು 1991ರ ಲೂಯಿ ದ ರೇಟ್ ಪ್ರಕರಣ. 1937ರಿಂದ ಭಾರತದಲ್ಲಿದ್ದ ಈ ಬೆಲ್ಜಿಯನ್ ಮಿಷನರಿಗೂ ಅವರಂತೆಯೇ ದೀರ್ಘಕಾಲ ಇಲ್ಲಿದ್ದ ಇನ್ನಿಬ್ಬರಿಗೂ ಎಂಬತ್ತರ ದಶಕದಲ್ಲಿ ದೇಶ ಬಿಡುವಂತೆ ಸೂಚಿಸಲಾಗಿತ್ತು. ಸಂವಿಧಾನ ಬಂದಾಗಲೇ ತಾವು 5ನೆಯ ವಿಧಿಯಂತೆ ಪೌರರಾಗಿದ್ದೆವೆಂಬುದು ಅವರ ವಾದ. ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ದೀರ್ಘ ವಾಸವೊಂದೇ ಕಾಯಂ ನೆಲೆಯಲ್ಲ. ಶಾಶ್ವತವಾಗಿ ನೆಲೆಸುವ ಸಂಕಲ್ಪ ಅಂದು ಇತ್ತೆಂದು ತೋರಿಸುವ ಹೊಣೆ ಅರ್ಜಿದಾರರದು. ವಿದೇಶಿ ಪಾಸ್‌ಪೋರ್ಟನ್ನೂ ವಾಸದ ಪರವಾನಗಿಯನ್ನೂ ಆಶ್ರಯಿಸಿ ಬಂದವರು ಆ ಹೊಣೆಯನ್ನು ನಿರ್ವಹಿಸಿಲ್ಲ ಎಂದು ಹೇಳಿತು. 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ವಿದೇಶೀಯನಿಗೂ ಉಂಟು. ಇಲ್ಲಿ ವಾಸಿಸಿ ನೆಲೆಸುವ 19ನೆಯ ವಿಧಿಯ ಹಕ್ಕು ಪೌರನಿಗೆ ಮಾತ್ರ ಎಂದೂ ಸ್ಪಷ್ಟಪಡಿಸಿತು.

ಈ ತೀರ್ಪು ಕಠಿಣವೆನಿಸಬಹುದು. ಐವತ್ತು ವರ್ಷಗಳ ಸೇವೆಗಿಂತ ದೊಡ್ಡ ಸಾಕ್ಷ್ಯ ಯಾವುದು ಎಂದು ಕೇಳುವಂತಾಗುತ್ತದೆ. ಆದರೆ ನ್ಯಾಯಾಲಯ ಕೇಳಿದ ಪ್ರಶ್ನೆ ಬೇರೆ. ನಿನ್ನ ಸೇವೆ ಎಷ್ಟು ಎಂದು ಅದು ಕೇಳಲಿಲ್ಲ. ನೀನು ಇಲ್ಲಿಯವನಾಗಲು ಯಾವಾಗ, ಹೇಗೆ ನಿರ್ಧರಿಸಿದೆ ಎಂದು ಕೇಳಿತು.

ಇಲ್ಲಿ ನಮ್ಮದೇ ಧರ್ಮಸಭೆಯ ಕಾನೂನನ್ನು ಹೋಲಿಸಿ ನೋಡುವುದು ಉಪಯುಕ್ತ. 1983ರ ಧರ್ಮಸಭಾ ಕಾನೂನು ಸಂಹಿತೆಯ 102ನೆಯ ನಿಯಮದ ಪ್ರಕಾರ ಒಬ್ಬ ವ್ಯಕ್ತಿ ಒಂದು ಧರ್ಮಕೇಂದ್ರದಲ್ಲಿ ಅಥವಾ ಧರ್ಮಪ್ರಾಂತದಲ್ಲಿ ಎರಡು ಬಗೆಯಿಂದ ಕಾಯಂ ನೆಲೆ ಪಡೆಯುತ್ತಾನೆ: ಬೇರೆಡೆಗೆ ಕರೆಯದ ಹೊರತು ಅಲ್ಲಿಯೇ ಉಳಿಯುವ ಸಂಕಲ್ಪದಿಂದ ವಾಸಿಸಿದರೆ, ಅಥವಾ ಐದು ವರ್ಷ ಪೂರ್ತಿ ವಾಸಿಸಿದರೆ. ವ್ರತಧಾರಿಗೆ, 103ನೆಯ ನಿಯಮದಂತೆ, ತಾನು ಸೇರಿದ ಮನೆ ಇರುವ ಸ್ಥಳವೇ ನೆಲೆ. ಸಂವಿಧಾನವೂ ಸಂಹಿತೆಯೂ ಐದು ವರ್ಷಗಳನ್ನೇ ಎಣಿಸುತ್ತವೆ. ಆದರೆ ಸಂಹಿತೆ ‘ಅಥವಾ’ ಎನ್ನುವಲ್ಲಿ ಸಂವಿಧಾನ ‘ಮತ್ತು’ ಎನ್ನುತ್ತದೆ. ಧರ್ಮಸಭೆ ತನ್ನ ಮಕ್ಕಳಿಗೆ ಕಾಲವೊಂದೇ ಸಾಕೆಂದು ಉದಾರವಾಗಿ ಒಪ್ಪುತ್ತದೆ. ಗಣರಾಜ್ಯವು ಕಾಲದೊಡನೆ ಮನಸ್ಸನ್ನೂ ಕೇಳುತ್ತದೆ. ತಮ್ಮ ಸಭೆಯ ಕಾನೂನಿನಲ್ಲಿ ಎಂದೋ ‘ಇಲ್ಲಿಯವರು’ ಆಗಿದ್ದ ಯಾ‌ಜಕರು ದೇಶದ ಕಾನೂನಿನಲ್ಲಿ ಕೊನೆಯ ತನಕ ಹೊರಗಿನವರಾಗಿ ಉಳಿದದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಮಕ್ಪೇಲದ ಹೊಲ

ನಮ್ಮ ಪೌರತ್ವ ಪರಲೋಕದ್ದು ಎಂಬ ಪೌಲರ ಮಾತನ್ನು (ಫಿಲಿಪ್ಪಿ 3:20) ಮುಂದಿಟ್ಟು, ಈ ಲೋಕದ ಕಾಗದಗಳಿಗೆ ವಿಶ್ವಾಸಿ ಅಷ್ಟೊಂದು ಬೆಲೆ ಕೊಡಬೇಕಾಗಿಲ್ಲ ಎಂದು ವಾದಿಸುವವರಿದ್ದಾರೆ. ಆ ಪತ್ರ ಬರೆದದ್ದು ಯಾರಿಗೆ ಎಂಬುದನ್ನು ಗಮನಿಸಬೇಕು. ಫಿಲಿಪ್ಪಿ ರೋಮಿನ ವಸಾಹತು. ಅಲ್ಲಿ ರೋಮನ್ ಪೌರತ್ವವೆಂದರೆ ಹೆಮ್ಮೆಯ ಸ್ವತ್ತು. ಅದೇ ಊರಿನಲ್ಲಿ ವಿಚಾರಣೆಯಿಲ್ಲದೆ ಛಡಿಯೇಟು ತಿಂದ ಪೌಲರು, ಗುಟ್ಟಾಗಿ ಹೊರಹೋಗಲು ಒಪ್ಪದೆ, ತಾವು ರೋಮನ್ ಪೌರರೆಂದು ಹೇಳಿ, ಅಧಿಕಾರಿಗಳೇ ಬಂದು ಬಹಿರಂಗವಾಗಿ ಬಿಡುಗಡೆ ಮಾಡುವಂತೆ ಪಟ್ಟು ಹಿಡಿದರು (ಪ್ರೇಷಿತರ ಕಾರ್ಯಕಲಾಪಗಳು 16). ಏಟು ತಪ್ಪಿಸಿಕೊಳ್ಳಲು ಅಲ್ಲಿ ಅವರು ಪೌರತ್ವವನ್ನು ಬಳಸಲಿಲ್ಲ; ಏಟು ಆಗಲೇ ಬಿದ್ದಿತ್ತು. ತಾವು ಹೊರಟ ಮೇಲೆ ಅಲ್ಲಿ ಉಳಿಯಲಿದ್ದ ಪುಟ್ಟ ಸಭೆಯ ಮರ್ಯಾದೆಗೆ ಅದು ನೆರವಾಯಿತೆಂದು ಓದುವುದು ಸಮಂಜಸ. ಪರಲೋಕದ ಪೌರತ್ವವನ್ನು ಸಾರಿದವರೇ ಭೂಲೋಕದ ಪೌರತ್ವವನ್ನು ಇತರರ ಹಿತಕ್ಕಾಗಿ ಬಳಸಿದರು.

ಇದಕ್ಕೂ ಹಳೆಯದಾದ ಒಂದು ಪಠ್ಯ ಆದಿಕಾಂಡದ 23ನೆಯ ಅಧ್ಯಾಯ. ಸಾರಳು ತೀರಿಕೊಂಡಾಗ ಅಬ್ರಹಾಮನು ಹೆಬ್ರೋನಿನ ಹಿತ್ತಿಯರ ಮುಂದೆ ನಿಂತು, ತಾನು ಅವರ ನಡುವೆ ಪರದೇಶಿ, ಪ್ರವಾಸಿ ಎಂದು ಒಪ್ಪಿಕೊಂಡು ಸಮಾಧಿಗೆ ಸ್ಥಳ ಕೇಳುತ್ತಾನೆ. ಅವರು ಉಚಿತವಾಗಿ ಕೊಡಲು ಮುಂದಾಗುತ್ತಾರೆ. ಅವನು ಒಪ್ಪುವುದಿಲ್ಲ. ಊರಬಾಗಿಲಲ್ಲಿ ಎಲ್ಲರೂ ಕೇಳುವಂತೆ ಮಾತಾಡಿ, 400 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟು, ಮಕ್ಪೇಲದ ಹೊಲವನ್ನೂ ಗುಹೆಯನ್ನೂ ಮರಗಳನ್ನೂ ತನ್ನದಾಗಿಸಿಕೊಳ್ಳುತ್ತಾನೆ. ನಾಡು ಅವನಿಗೆ ವಾಗ್ದಾನವಾಗಿ ಆಗಲೇ ದೊರೆತಿತ್ತು. ಆದರೂ ಆ ವಾಗ್ದಾನವನ್ನು ಅವನು ನೆರೆಹೊರೆಯವರ ಎದುರಿಗೆ ಹಕ್ಕುಪತ್ರವಾಗಿ ಮುಂದಿಡಲಿಲ್ಲ; ಅವರ ಕಟ್ಟಳೆಗೆ ಒಳಪಟ್ಟು, ಅವರ ಸಾಕ್ಷಿಯಲ್ಲಿ ನೆಲೆಸಿದನು. ಕೃಪೆಯಿಂದ ಸಿಕ್ಕ ಜಾಗಕ್ಕೂ ಸಾಕ್ಷ್ಯದಿಂದ ಸಿದ್ಧವಾದ ನೆಲೆಗೂ ಇರುವ ಅಂತರವನ್ನು ವಿಶ್ವಾಸಿಗಳ ಪಿತಾಮಹ ಬಲ್ಲವನಾಗಿದ್ದ.

ಮನುಷ್ಯಾವತಾರದ ತತ್ವವೂ ಇದನ್ನೇ ಸೂಚಿಸುತ್ತದೆ. ವಾಕ್ಯವು ನಮ್ಮ ನಡುವೆ ವಾಸಿಸಿತೆಂದು ಯೊವಾನ್ನರು ಹೇಳುವಾಗ, ಲೂಕರು ಆ ವಾಸವನ್ನು ಒಂದು ಜನಗಣತಿಯ ಒಳಗೆ ಇಡುತ್ತಾರೆ. ಮತ್ತಾಯರು ಅದನ್ನು ಈಜಿಪ್ಟಿನ ಆಶ್ರಯದ ದಾರಿಯಲ್ಲಿ ಇಡುತ್ತಾರೆ. ನಮ್ಮ ರಕ್ಷಕರು ದಾಖಲೆಗಳ ಲೋಕವನ್ನು ಮೇಲಿನಿಂದ ನೋಡಿ ಹೋಗಲಿಲ್ಲ. ಅದರಲ್ಲಿ ಎಣಿಕೆಯಾದರು, ಅದರಿಂದ ಓಡಿಸಲ್ಪಟ್ಟರು. ಹೀಗಿರುವಾಗ, ಜನರ ಭಾಷೆ, ಉಡುಪು, ಊಟಗಳನ್ನು ಹಂಚಿಕೊಂಡವನು ಅವರ ಕಾನೂನಿನ ಸ್ಥಿತಿಯನ್ನೂ ಹಂಚಿಕೊಳ್ಳುವುದು ಸಂಸ್ಕೃತೀಕರಣದ ಹೊರಗಿನ ವಿಷಯವಾಗಲಾರದು.

ನಮ್ಮ ಕಾಲದ ಹೊಣೆ

ಇಂದು ಪರಿಸ್ಥಿತಿ ತಿರುಗಿದೆ. ಕೆಂಗೇರಿ, ಕುಂಬಳಗೋಡುಗಳ ಸುತ್ತ ಅನೇಕ ಸಭೆಗಳ ತರಬೇತಿ ಮನೆಗಳಿವೆ. ಇಂಥ ಮನೆಗಳಿಗೆ ವಿದೇಶೀಯರು ಈಗ ಬರುವುದು ಆಳುವ ಸಾಮ್ರಾಜ್ಯದ ಪ್ರಜೆಗಳಾಗಿ ಅಲ್ಲ. ಏಷ್ಯಾ ಆಫ್ರಿಕಾಗಳ ಬಡ ದೇಶಗಳಿಂದ ಕಲಿಯಲು ಬಂದವರಾಗಿ. ಅವರಿಗೆ ವೀಸಾ ವಿಸ್ತರಣೆಯ ಒಂದೊಂದು ದಿನವೂ ಆತಂಕದ್ದು. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಅಧಿನಿಯಮವು 1920, 1939, 1946ರ ಹಳೆಯ ಕಾಯಿದೆಗಳ ಸ್ಥಾನದಲ್ಲಿ ಜಾರಿಯಲ್ಲಿದೆ. ವಿದೇಶೀಯರಿಗೆ ವಸತಿ ಕೊಡುವವರು, ಪಾಠ ಹೇಳುವ ಸಂಸ್ಥೆಗಳು, ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾಹಿತಿ ಸಲ್ಲಿಸಬೇಕೆಂದು ಅದು ವಿಧಿಸುತ್ತದೆ. ಈ ಮೂರೂ ಕೆಲಸಗಳನ್ನು ಧರ್ಮಸಭೆ ಮಾಡುತ್ತಿದೆ. 2021ರ ಅಧಿಸೂಚನೆಯಂತೆ ಸಾಗರೋತ್ತರ ಭಾರತೀಯ ಪೌರರ ಕಾರ್ಡು ಉಳ್ಳವರೂ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಪಡೆಯಬೇಕು. ದೇಶೀಕರಣಕ್ಕೆ ಬೇಕಾದ ವಾಸದ ಅವಧಿಯೂ ಹಿಗ್ಗಿದೆ: ಕೊನೆಯ ಹನ್ನೆರಡು ತಿಂಗಳಿಗೆ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ವರ್ಷ.

2019ರ ತಿದ್ದುಪಡಿಯು ಆ ಹನ್ನೊಂದನ್ನು ಐದಕ್ಕೆ ಇಳಿಸಿದ್ದು ಮೂರು ನೆರೆದೇಶಗಳ ಆರು ಸಮುದಾಯಗಳಿಗೆ ಮಾತ್ರ. ಅವುಗಳಲ್ಲಿ ಕ್ರೈಸ್ತರೂ ಸೇರಿದ್ದಾರೆ. ಮುಸ್ಲಿಮರು ಇಲ್ಲ, ಶ್ರೀಲಂಕಾದ ತಮಿಳರು ಇಲ್ಲ. ನಮ್ಮ ಹೆಸರು ಪಟ್ಟಿಯಲ್ಲಿದೆಯೆಂದು ನಾವು ಸುಮ್ಮನಿರಬಹುದೇ? ಪರದೇಶಿಯನ್ನು ಸ್ವದೇಶಿಯಂತೆ ಪ್ರೀತಿಸಬೇಕೆಂಬ ಯಾಜಕಕಾಂಡದ ಆಜ್ಞೆಗೆ (19:34) ಅದೇ ವಚನ ಕೊಡುವ ಕಾರಣ ಇಸ್ರಯೇಲರೂ ಒಮ್ಮೆ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದರು ಎಂಬುದು. ಅಲ್ಲಿ ಪರದೇಶಿಯ ಧರ್ಮ ಯಾವುದೆಂಬ ವಿಚಾರಣೆ ಇಲ್ಲ.

ಕರ್ನಾಟಕದ ನೆಲದಲ್ಲೇ ಇದಕ್ಕೊಂದು ಪಾಠವಿದೆ. 1960ರ ದಶಕದ ಆರಂಭದಿಂದ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರ ಮಕ್ಕಳು ಇಲ್ಲಿ ಹುಟ್ಟಿಯೂ ವಿದೇಶೀಯರ ನೋಂದಣಿ ಪತ್ರ ಹಿಡಿದು ಬಾಳಿದರು. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮದಿಂದಲೇ ಪೌರರೆಂದು ಎತ್ತಿಹಿಡಿಯಿತು. ಹಕ್ಕು ಹುಟ್ಟಿನಿಂದಲೇ ಇತ್ತು. ಅದನ್ನು ಯಾರಾದರೂ ಓದಿ ಹೇಳಬೇಕಾಗಿತ್ತು. ದ ರೇಟ್ ಪ್ರಕರಣದಲ್ಲಿ ಸಂಕಲ್ಪಕ್ಕೆ ಸಾಕ್ಷ್ಯ ಸಿಗದೆ ಹೋಯಿತು. ಇಲ್ಲಿ ಜನನದ ದಾಖಲೆಯೇ ಸಾಕ್ಷ್ಯವಾಯಿತು.

ಈ ಚರಿತ್ರೆಯಿಂದ ನಮ್ಮ ಗುರುಮಠಗಳು ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಧರ್ಮಸಭೆಯ ಚರಿತ್ರೆಯ ಪಾಠದಲ್ಲಿ ಸಂವಿಧಾನದ 5ರಿಂದ 11ರ ವರೆಗಿನ ವಿಧಿಗಳನ್ನೂ ಪೌರತ್ವ ಅಧಿನಿಯಮವನ್ನೂ ಸೇರಿಸುವುದು. ನಾಳೆ ಧರ್ಮಕೇಂದ್ರಗಳಲ್ಲಿ ಜನನಪತ್ರವಿಲ್ಲದ ವಲಸೆ ಕಾರ್ಮಿಕರೂ ನಿರಾಶ್ರಿತರೂ ಎದುರಾದಾಗ ನಮ್ಮ ಯಾಜಕರು ಅವರ ಕಾಗದವನ್ನು ಓದಿ ಹೇಳಬಲ್ಲವರಾಗಬೇಕು. ಎರಡನೆಯದು, ನಮ್ಮೊಡನೆ ಕಲಿಯುವ ವಿದೇಶಿ ಗುರುವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ಕನ್ನಡ ಕಲಿಸುವುದು ಮತ್ತು ಅವರ ನೋಂದಣಿ, ವಿಸ್ತರಣೆಗಳ ಹೊಣೆಯನ್ನು ಅವರೊಬ್ಬರ ತಲೆಗೆ ಬಿಡದೆ ಸಮುದಾಯವೇ ಹೊರುವುದು. ಮೂರನೆಯದು, ತೀರಿಕೊಂಡ ವಿದೇಶಿ ಯಾಜಕರ ಮತ್ತು ಧರ್ಮಭಗಿನಿಯರ ಪಾಸ್‌ಪೋರ್ಟು, ವಾಸದ ಪರವಾನಗಿ, ಪೌರತ್ವದ ಅರ್ಜಿ, ಸರ್ಕಾರದ ಉತ್ತರಗಳನ್ನು ರದ್ದಿಗೆ ಹಾಕದೆ ಧರ್ಮಪ್ರಾಂತದ ದಫ್ತರಖಾನೆಗಳಲ್ಲಿ ಸಂಗ್ರಹಿಸುವುದು. ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಕಾಯುವ ನಾವು ಈ ಕಡತಗಳನ್ನು ಕಾಯದೆ ಹೋದರೆ, ನಮ್ಮ ಸಭೆಯನ್ನು ಕಟ್ಟಿದವರು ಇಲ್ಲಿಯವರಾಗಲು ಏನನ್ನು ಬಿಟ್ಟುಕೊಟ್ಟರೆಂಬುದನ್ನು ಮುಂದಿನ ಚರಿತ್ರಕಾರರು ತಿಳಿಯಲಾರರು.

ಎಫೆಸದವರಿಗೆ ಬರೆದ ಪತ್ರದಲ್ಲಿ (2:19) ಪರಕೀಯರೂ ಪರದೇಶಿಗಳೂ ಆಗಿದ್ದವರು ದೇವರ ಮನೆಯಲ್ಲಿ ಸಹಪೌರರಾದರೆಂಬ ಸುವಾರ್ತೆಯಿದೆ. ಅದನ್ನು ಸಾರುವ ಸಭೆಯ ಅಂಗಳಕ್ಕೆ ಇಂದು ವೀಸಾದ ಅವಧಿ ಮುಗಿಯುತ್ತಿರುವ ವಿದ್ಯಾರ್ಥಿಯೂ ಊರಿನ ದಾಖಲೆಯಿಲ್ಲದ ಕೂಲಿಯವನೂ ಬಂದು ನಿಂತಿದ್ದಾರೆ. ಅವರ ಪರವಾಗಿ ಊರಬಾಗಿಲಲ್ಲಿ ಸಾಕ್ಷಿಗಳಾಗಿ ನಿಲ್ಲುವುದು ನಮ್ಮ ದೈವಶಾಸ್ತ್ರದ ಕೆಲಸವೂ ಹೌದು.